ಚಿತ್ರದ ಮೇಲಿನ ಧೂಳು

ಕೀಬೋರ್ಡಿನ ಕೀಗಳ ಕೆಳಗೆ ಏನೇನು ಸಿಗುತ್ತದೆ ಎಂದು ಕಿವಿಯಕ್ಕನನ್ನು ಯಾರೂ ಕೇಳಬಾರದು, ಊಟಕ್ಕೆ ಕೂತಾಗಲಂತೂ ಕೇಳಲೇಬಾರದು. ಹದಿನಾಲ್ಕು ವರ್ಷ ಅವಳು ವಾದ್ಯ ರಿಪೇರಿಯ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ ಕೂತು ಕರೆಂಟಿನಿಂದ ದನಿ ಹುಟ್ಟಿಸುವ ಹಳೆಯ ಸಿಂಥಸೈಜರುಗಳ ಹೊಟ್ಟೆ ಬಿಚ್ಚಿದವಳು. ಕೂದಲು, ಬಿಸ್ಕತ್ತಿನ ಪುಡಿ, ಒಣಗಿದ ಜಿರಲೆಯ ರೆಕ್ಕೆ, ಬೆವರಿಗೆ ಧೂಳು ಕೂಡಿ ಗಟ್ಟಿಯಾದ ಕಪ್ಪು ಅಂಟು. ಒಮ್ಮೆ ಯಾರದೋ ಹಲ್ಲಿನ ಅರ್ಧ ಚೂರು. ಹೊಳೆಯುವ ಅಂಗಿ ತೊಟ್ಟು ವೇದಿಕೆಯ ಮೇಲೆ ಮೆರೆಯುವವರ ವಾದ್ಯಗಳೇ ಎಲ್ಲಕ್ಕಿಂತ ಗಲೀಜು. ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದೊಡನೆ ಬರುವ ಹುಳಿ ವಾಸನೆಗೆ ಮೊದಲ ತಿಂಗಳು ಅವಳು ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ಆಮೇಲೆ ಅಭ್ಯಾಸವಾಯಿತು ಅನ್ನುವ ಹಾಗಿಲ್ಲ. ಅಸಹ್ಯ ಹೋಗಲಿಲ್ಲ, ಬಟ್ಟೆ ಕಟ್ಟಿಕೊಳ್ಳುವ ಪುರುಸೊತ್ತು ಹೋಯಿತು.

ಕಿವಿಯಕ್ಕ ಎನ್ನುವುದು ಅಂಗಡಿಯಲ್ಲಿ ಬಿದ್ದ ಹೆಸರು. ಆ ಹಳೆಯ ಯಂತ್ರಗಳು ಚಾಲೂ ಮಾಡಿದೊಡನೆ ಶ್ರುತಿಗೆ ನಿಲ್ಲುವ ಜಾತಿಯವಲ್ಲ. ಅರ್ಧ ಗಂಟೆ ಕಾಯಬೇಕು. ಒಳಗಿನ ಭಾಗಗಳು ಬೆಚ್ಚಗಾಗುತ್ತ ದನಿ ಕೂದಲೆಳೆಯಷ್ಟು ಮೇಲಕ್ಕೋ ಕೆಳಕ್ಕೋ ಜಾರುತ್ತದೆ. ಉಳಿದವರು ಅದನ್ನು ಮೀಟರ್ ಇಟ್ಟು ಅಳೆದರೆ ಅವಳು ಕೀಗಳನ್ನು ಒರೆಸುತ್ತಲೇ ತಲೆ ಓರೆ ಮಾಡಿ, “ಇನ್ನೂ ಚೂರು ಕೆಳಗಿದೆ” ಅನ್ನುತ್ತಿದ್ದಳು. ಮೀಟರ್ ಹೌದೆನ್ನುತ್ತಿತ್ತು. ಯಾವ ಯಂತ್ರ ಎಷ್ಟು ಸ್ವರಗಳನ್ನು ಒಟ್ಟಿಗೆ ಹಿಡಿದಿಡಬಲ್ಲದು, ಯಾವುದರ ತಗ್ಗಿನ ದನಿ ಎದೆಗೆ ತಾಗುತ್ತದೆ, ಯಾವುದರದು ಬರೀ ಹೊಟ್ಟೆಯುಬ್ಬರ, ಎಲ್ಲ ಅವಳ ಕಿವಿಯಲ್ಲಿತ್ತು.

ಗಂಡ ಸಿಕ್ಕಿದ್ದೂ ಅಲ್ಲೇ. ಮೂರು ಕೀ ಕೆಲಸ ಮಾಡದ ಸಿಂಥನ್ನು ಎಳೆಗೂಸಿನ ಹಾಗೆ ಎದೆಗವಚಿಕೊಂಡು ಬಂದಿದ್ದ. ಬಿಚ್ಚಿದರೆ ಒಳಗೆ ಉಗುರಿನ ಚೂರುಗಳು, ಒಂದು ಹಿಡಿಯಷ್ಟು. “ನುಡಿಸ್ತಾ ಯೋಚನೆ ಮಾಡುವಾಗ ಕತ್ತರಿಸ್ಕೋತೀನಿ” ಎಂದು ನಕ್ಕಿದ್ದ. ಆಗ ಅವಳಿಗೆ ಅದು ಕಲಾವಿದನ ಲಕ್ಷಣವಾಗಿ ಕಂಡಿತ್ತು. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಉಗುರೂ ಏನೇನೋ ಆಗಿ ಕಾಣುತ್ತದೆ.

ಯಂತ್ರಗಳನ್ನು ಹೊತ್ತು ತರುವವರೇ ಇಲ್ಲವಾದಾಗ ಅಂಗಡಿ ಮುಚ್ಚಿತು. ಎಲ್ಲರೂ ಕಂಪ್ಯೂಟರಿನೊಳಗೇ ಕೂರುವ ಸಾಫ್ಟ್‌ವೇರ್ ಸಿಂಥ್‌ಗಳ ಕಡೆ ಹೋದರು. ಅವುಗಳೊಳಗೆ ಜಿರಲೆ ಹೊಗುವುದಿಲ್ಲ. ಕೊನೆಯ ದಿನ ಅಂಗಡಿ ಯಜಮಾನರು, “ಇನ್ನು ಮನೇಲಿ ಆರಾಮಾಗಿರಮ್ಮ” ಅಂದರು. ಮನೆಯಲ್ಲಿ ಆರಾಮಾಗಿರುವುದು ಎಂದರೇನೆಂದು ಅವರು ತಮ್ಮ ಹೆಂಡತಿಯನ್ನು ಒಂದು ಮಾತು ಕೇಳಿಕೊಂಡು ಬಂದಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಮೂರು ಕೋಣೆ. ಒಂದು ಅತ್ತೆಯದು, ಒಂದು ಮಲಗುವುದಕ್ಕೆ, ಗಾಳಿ ಬೆಳಕು ಚೆನ್ನಾಗಿ ಬರುವ ಮೂರನೆಯದು ಗಂಡನ ಸ್ಟುಡಿಯೋ. ವಾರದ ದಿನಗಳಲ್ಲಿ ಅವನು ನೀರು ಸರಬರಾಜಿನ ಕಚೇರಿಯಲ್ಲಿ ಗುಮಾಸ್ತ. ಸಂಜೆಗಳಲ್ಲಿ, ರಜೆಗಳಲ್ಲಿ ಕಲಾವಿದ. ಕಲಾವಿದನಾಗಿರುವ ಹೊತ್ತಿನಲ್ಲಿ ಅವನು ಲೋಟ ತೊಳೆಯುವುದಿಲ್ಲ. ಗುಮಾಸ್ತನಾಗಿರುವಾಗಲೂ ತೊಳೆದವನಲ್ಲ, ಆ ಮಾತು ಬೇರೆ. ವಾರಕ್ಕೊಮ್ಮೆ ಕಿವಿಯಕ್ಕ ಆ ಕೋಣೆ ಹೊಕ್ಕರೆ ಕಿಟಕಿಯ ಕಟ್ಟೆಯ ಮೇಲೆ, ಮೇಜಿನ ಮೇಲೆ, ಸ್ಪೀಕರಿನ ನೆತ್ತಿಯ ಮೇಲೆ ಲೋಟಗಳು. ತಳದಲ್ಲಿ ಉಳಿದ ಚಹಾದ ಮೇಲೆ ಬೂದು ಬಣ್ಣದ ತುಪ್ಪಟ ಬೆಳೆದಿರುತ್ತಿತ್ತು. ಮೌಸಿಗೆ ಚಿಪ್ಸಿನ ಎಣ್ಣೆ. ಕುರ್ಚಿಯ ಬೆನ್ನಿಗೆ ಒದ್ದೆ ಟವೆಲು, ಅದರ ಮುಗ್ಗಲು ವಾಸನೆ ಕಿಟಕಿಯ ಪರದೆಗೂ ಹತ್ತಿಕೊಂಡಿತ್ತು. ಹೆಡ್‌ಫೋನಿನ ಮೆತ್ತೆಗಂಟಿದ ಕಿವಿಯ ಹಳದಿ ಮೇಣವನ್ನು ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸುವಾಗ ಅವಳು ನಾಲ್ಕು ಸಲ ಹತ್ತಿ ಬದಲಿಸುತ್ತಿದ್ದಳು. ಅಂಗಡಿಯಲ್ಲಾದರೆ ಬೇರೆಯವರ ಕೊಳೆ ಕೆರೆದದ್ದಕ್ಕೆ ಸಂಬಳ ಬರುತ್ತಿತ್ತು.

ಆ ಕಂಪ್ಯೂಟರಿನಲ್ಲಿ ಇನ್ನೂರು ಚಿಲ್ಲರೆ ಸಿಂಥ್‌ಗಳಿದ್ದವು. ಒಂದೊಂದನ್ನು ತೆರೆದರೂ ಪರದೆಯ ಮೇಲೆ ಹಳೆಯ ಯಂತ್ರದ ಚಿತ್ರ ಬರುತ್ತದೆ: ಮರದ ಅಂಚು, ತಿರುಗಿಸುವ ಗುಂಡಿಗಳು, ಸ್ಕ್ರೂಗಳು ಸಹ. ಒಂದು ದಿನ ಗಂಡ ಅವಳನ್ನು ಕರೆದು ತೋರಿಸಿದ.

“ನೋಡಿಲ್ಲಿ, ಗುಂಡಿ ಸಂದಿಯಲ್ಲಿ ಧೂಳು ಕೂಡ ಬಿಡಿಸಿದಾರೆ. ಎಷ್ಟು ನೈಜವಾಗಿದೆ ನೋಡು.”

ಕಿವಿಯಕ್ಕ ಬಗ್ಗಿ ನೋಡಿದಳು. ನಿಜವೇ. ಯಾರೋ ಪುಣ್ಯಾತ್ಮ ಕೂತು ಚಿತ್ರದ ಮೇಲೆ ಧೂಳು ಬಿಡಿಸಿದ್ದ. ಅದೇ ಪರದೆಯ ಮೇಲೆ ನಿಜವಾದ ಧೂಳೂ ಇತ್ತು, ಅದರ ನಡುವೆ ಸೀನಿದ ತುಂತುರು ಒಣಗಿ ಚುಕ್ಕೆಯಾಗಿತ್ತು. ಹದಿನಾಲ್ಕು ವರ್ಷ ತಾನು ಉಗುರಿನಲ್ಲಿ ಕೆರೆದು ತೆಗೆದದ್ದನ್ನು ಇವರು ಚಂದಕ್ಕೆಂದು ಮತ್ತೆ ಹಚ್ಚಿದ್ದಾರೆ ಎನ್ನಿಸಿ ಅವಳಿಗೆ ಮೈಯೆಲ್ಲ ಉರಿಯಿತು.

“ಬಿಡಿಸಿದ ಧೂಳನ್ನ ಯಾರೂ ಒರೆಸಬೇಕಾಗಿಲ್ಲ ನೋಡು, ಅದಕ್ಕೇ ನಿಮಗೆಲ್ಲ ಇಷ್ಟ” ಅಂದಳು.

ಗಂಡನಿಗೆ ಒಬ್ಬ ಗೆಳೆಯ, ಗಡ್ಡದವನು. ಗಡ್ಡವೇ ಅವನ ಅರ್ಧ ವ್ಯಕ್ತಿತ್ವ, ಅದರಲ್ಲಿ ಯಾವಾಗಲೂ ಏನಾದರೊಂದು ತುಣುಕು ಸಿಕ್ಕಿಕೊಂಡಿರುತ್ತಿತ್ತು. ಶನಿವಾರ ಬಂದು ಕೂತರೆ ಇಬ್ಬರದೂ ಒಂದೇ ಚರ್ಚೆ. ಇದು ಬೆಚ್ಚಗಿದೆ. ಇಲ್ವೋ, ಅದು ಇನ್ನೂ ಬೆಚ್ಚಗಿದೆ. ಇದಕ್ಕೆ ಹಳೇ ಟೇಪಿನ ನಡುಕ ಹಾಕಿ ಕೇಳು. ಒಂದು ಹಾಡನ್ನೂ ಮುಗಿಸದೆ ಬರೀ ದನಿಗಳನ್ನು ಆರಿಸುತ್ತ ಅವರು ನಾಲ್ಕು ವರ್ಷ ಕಳೆದಿದ್ದರು. ತೀರ್ಮಾನವಾಗದಿದ್ದರೆ ಅಡುಗೆಮನೆಗೆ ಕೂಗು ಬರುತ್ತಿತ್ತು. ಅವಳು ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತು, “ಆ ಯಂತ್ರದ ದನಿಗೆ ಇಷ್ಟು ಹೊಳಪಿರಲಿಲ್ಲ. ಫಿಲ್ಟರ್ ಇನ್ನೂ ಮುಚ್ಚಿ” ಎಂದು ಹೇಳಿ ಹೋದರೆ, ಗಂಡ ಹೆಮ್ಮೆಯಿಂದ, “ನಮ್ಮವಳ ಕಿವಿ” ಅನ್ನುತ್ತಿದ್ದ. ತನ್ನ ಸ್ಕ್ರೂಡ್ರೈವರ್ ಬಗ್ಗೆ ಹೇಳುವ ಹಾಗೆ.

ಇಂಥದೊಂದು ಶನಿವಾರ ಧಾರಾವಾಹಿಯ ಮೇಡಂ ಬಂದರು. ರೇಡಿಯೋಕ್ಕೆ ಧಾರಾವಾಹಿ ಮಾಡುವವರು. ಗಂಡನ ಸ್ಟುಡಿಯೋದ ಬಗ್ಗೆ ಯಾರೋ ಹೇಳಿದ್ದರಂತೆ. ಟವೆಲು ಸರಿಸಿ ಕುರ್ಚಿಯ ತುದಿಯಲ್ಲಿ ಕೂತು, ಲೋಟದೊಳಕ್ಕೆ ಕಣ್ಣು ಹೋಗದ ಹಾಗೆ ಮುಖ ತಿರುಗಿಸಿಕೊಂಡು, ನೇರವಾಗಿ ವಿಷಯಕ್ಕೆ ಬಂದರು.

“ನಲವತ್ತು ವರ್ಷದ ಹಿಂದಿನ ಕಥೆ. ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕರೆ ಜೋಡಿಸೋ ಹೆಂಗಸರು. ಶುರುವಿಗೆ ನಲವತ್ತು ಸೆಕೆಂಡಿನ ಟ್ಯೂನ್ ಬೇಕು, ಆ ಕಾಲದ ಯಂತ್ರದ ದನಿಯಲ್ಲಿ. ನಮ್ಮ ಕೇಳುಗರು ಹೆಚ್ಚಾಗಿ ಹೆಂಗಸರು, ಕೆಲಸ ಮಾಡ್ತಾ ಫೋನಲ್ಲೇ ಕೇಳ್ತಾರೆ. ಹತ್ತು ದಿನ ಟೈಮಿದೆ.”

“ಹತ್ತು ದಿನ ಹೆಚ್ಚಾಯ್ತು” ಎಂದ ಗಂಡ.

ಚಹಾ ತಂದಿಟ್ಟ ಕಿವಿಯಕ್ಕನ ಕೈ ತಟ್ಟೆಯ ಮೇಲೇ ನಿಂತಿತು. ಕರೆ ಜೋಡಿಸುವ ಹೆಂಗಸರು. ಟ್ಯೂನು ಆಗಲೇ ಅವಳ ತಲೆಯೊಳಗೆ ಅರ್ಧ ಬಂದುಬಿಟ್ಟಿತ್ತು. ಎಷ್ಟೋ ವರ್ಷಗಳಿಂದ ತನಗೆಂದು ಏನನ್ನೂ ಬೇಡದೆ ಬೇಡದೆ, ಬೇಡುವುದು ಹೇಗೆಂಬುದೇ ಮರೆತಂತಾಗಿತ್ತು. ಈಗ ಆ ನಲವತ್ತು ಸೆಕೆಂಡು ತನಗೆ ಬೇಕು, ತನ್ನ ಹೆಸರಿನಲ್ಲೇ ಬೇಕು ಅನ್ನಿಸಿತು. ಮೇಡಂ ಹೋದ ಮೇಲೆ ಗಂಡನನ್ನು ಕೇಳಿದಳು.

“ಇದನ್ನ ನಾನು ಮಾಡ್ಲಾ?”

“ನಿಂಗ್ಯಾಕೆ ತೊಂದ್ರೆ” ಎಂದ ಅವನು, ಬಹಳ ಕನಿಕರದಿಂದ.

ಮುಂದಿನ ಎಂಟು ದಿನ ಅವನು ಸಿಂಥ್ ಆರಿಸಿದ. ಕಚೇರಿಯಿಂದ ಬಂದು ಬೂಟು ಬಿಚ್ಚದೆ ಕೂತರೆ ಊಟಕ್ಕೆ ಮೂರು ಸಲ ಕರೆಯಬೇಕು. ಗಡ್ಡದವನು ದಿನವೂ ಬರತೊಡಗಿದ. ಇನ್ನೂರರಲ್ಲಿ ನಲವತ್ತನ್ನು ಉಳಿಸಿಕೊಂಡರು, ಮರುದಿನ ಅದು ಮತ್ತೆ ಅರವತ್ತಾಯಿತು. ಒಂಬತ್ತನೆಯ ದಿನದ ಹೊತ್ತಿಗೆ ತಗ್ಗಿನ ಸ್ವರಗಳಿಗೊಂದು ದನಿ ಮಾತ್ರ ಗೊತ್ತಾಗಿತ್ತು, ಅದೂ ಖಚಿತವಲ್ಲ.

ಆ ಬೆಳಗ್ಗೆ ಗಂಡ ಕಚೇರಿಗೆ ಹೋದ ಮೇಲೆ ಕಿವಿಯಕ್ಕ ಪಾತ್ರೆ ತೊಳೆದು, ಅತ್ತೆಗೆ ಮಾತ್ರೆ ಕೊಟ್ಟು, ಸ್ಟುಡಿಯೋದ ಕಿಟಕಿ ತೆರೆದಳು. ಮೊದಲ ಕಾಲು ಗಂಟೆ ಒರೆಸುವುದರಲ್ಲೇ ಹೋಯಿತು. ಆಮೇಲೆ ಕೂತಳು. ಇನ್ನೂರು ಸಿಂಥ್‌ಗಳ ಪಟ್ಟಿಯ ಕಡೆ ತಿರುಗಿಯೂ ನೋಡದೆ, ರೆಕಾರ್ಡಿಂಗ್ ಪ್ರೋಗ್ರಾಮಿನ ಜೊತೆಗೇ ಬಂದಿದ್ದ, ಚಿತ್ರವಿಲ್ಲದ, ಬರೀ ಹತ್ತು ಹನ್ನೆರಡು ಗುಂಡಿಗಳ ಒಂದು ಬಡಪಾಯಿ ಸಿಂಥನ್ನು ತೆರೆದಳು. ಗಂಡ ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಅದರಲ್ಲಿ ದನಿ ಹುಟ್ಟಿಸುವ ಮೂಲ ಎರಡು. ಒಂದನ್ನು ಇನ್ನೊಂದಕ್ಕಿಂತ ಕೂದಲೆಳೆ ಕೆಳಗಿಳಿಸಿದಳು, ಅರ್ಧ ಗಂಟೆ ಬೆಚ್ಚಗಾದ ಯಂತ್ರ ಹೇಗಿರುತ್ತದೋ ಹಾಗೆ. ಫಿಲ್ಟರನ್ನು ಮುಕ್ಕಾಲು ಮುಚ್ಚಿದಳು. ಹೊಳಪು ಹೋಗಿ ದನಿಗೆ ಒಂದು ಮೈ ಬಂತು. ಎಕೋ ಒಂದೇ, ಅದೂ ಪ್ರತಿ ಮರುದನಿಗೂ ಸ್ವಲ್ಪ ಮಂಕಾಗುವಂಥದು. ತಾಳಕ್ಕೆ ನಾಲ್ಕೇ ಸದ್ದು. ಬೇರೇನೂ ಇಲ್ಲ.

ಕೊನೆಗೆ ಅವಳು ಮಾಡಿದ ಕೆಲಸವೊಂದನ್ನು ಗಂಡನಾಗಲಿ ಗಡ್ಡದವನಾಗಲಿ ಮಾಡುತ್ತಿರಲಿಲ್ಲ, ಏಕೆಂದರೆ ಅವರು ಆ ಯಂತ್ರಗಳನ್ನು ನೋಡಿದ್ದರೇ ಹೊರತು ಅವುಗಳ ಜೊತೆ ದಿನ ಕಳೆದವರಲ್ಲ. ಸಾಫ್ಟ್‌ವೇರ್ ಸಿಂಥಿಗೆ ಎಷ್ಟು ಸ್ವರ ಕೊಟ್ಟರೂ ಹಿಡಿದುಕೊಳ್ಳುತ್ತದೆ. ಹಳೆಯದಕ್ಕೆ ಆ ತ್ರಾಣವಿರಲಿಲ್ಲ. ಅವಳಿಗೆ ಇಷ್ಟದ ಯಂತ್ರ ಒಮ್ಮೆಗೆ ಆರು ಸ್ವರ ಹಿಡಿಯುತ್ತಿತ್ತು. ಏಳನೆಯದನ್ನು ಒತ್ತಿದರೆ ಮೊದಲನೆಯದನ್ನು ಕೈಬಿಡುತ್ತಿತ್ತು. ಅವಳು ಮಿತಿಯನ್ನು ಆರಕ್ಕೆ ಇಟ್ಟು, ಏಳನೆಯ ಸ್ವರ ಬರುವ ಹಾಗೆಯೇ ಟ್ಯೂನನ್ನು ಹೆಣೆದಳು. ಸಾಲಿನ ಕೊನೆಯಲ್ಲಿ ಹೊಸ ಸ್ವರ ಬಂದೊಡನೆ ತಳದಲ್ಲಿ ನಿಂತಿದ್ದ ಹಳೆಯದು ಮಾತಿನ ಮಧ್ಯೆ ಕರೆ ಕಡಿದ ಹಾಗೆ ಥಟ್ಟನೆ ಇಲ್ಲವಾಗುತ್ತಿತ್ತು. ಒಂದೂವರೆ ಗಂಟೆಯಲ್ಲಿ ಮುಗಿಯಿತು. ಎದ್ದಾಗ ಕಾಲು ಜೋಮು ಹಿಡಿದಿತ್ತು, ಒಲೆಯ ಮೇಲಿಟ್ಟ ಹಾಲು ಉಕ್ಕಿ, ಅತ್ತೆ ಒಲೆ ಆರಿಸಿದ ಮೇಲೆ ತಣ್ಣಗಾಗಿತ್ತು.

ಸಂಜೆ ಗಂಡ ಹೆಡ್‌ಫೋನು ಹಾಕಿಕೊಂಡು ಎರಡು ಸಲ ಕೇಳಿದ.

“ಪರವಾಗಿಲ್ವೇ. ಅಡಿಪಾಯ ಚೆನ್ನಾಗಿ ಹಾಕಿದೀಯ” ಎಂದ. “ಸ್ವಲ್ಪ ಬೋಳು ಬೋಳು. ನಾನು ಅಲಂಕಾರ ಮಾಡ್ತೀನಿ.”

“ಅದು ಮುಗಿದಿದೆ. ಕೈ ಹಾಕ್ಬೇಡ.”

“ನಿಂಗೆ ರಿಪೇರಿ ಗೊತ್ತು. ಇದು ಪ್ರೊಡಕ್ಷನ್.”

ಗಡ್ಡದವನೂ ಕೈಜೋಡಿಸಿದ. ಟ್ಯೂನಿನ ದನಿಯನ್ನು ಎರಡಾಗಿ ಸೀಳಿ ಎಡಬಲಕ್ಕೆ ಹರಡುವ ಎಫೆಕ್ಟ್ ಒಂದು ಹಾಕಿದರು. ಅದರ ಮೇಲೆ ಹಳೇ ಟೇಪಿನ ನಡುಕ, ಹಳೇ ರೆಕಾರ್ಡಿನ ಚಟಪಟ, ಹಳೇ ಟೇಪಿನ ಸುಯ್ಯೆನ್ನುವ ಸದ್ದು, ದೊಡ್ಡ ಸಭಾಂಗಣದ ಮಾರ್ದನಿ. ಹಳೆಯ ಕಾಲದ ಎಂಜಿನಿಯರುಗಳು ಯಾವ ಸದ್ದುಗಳನ್ನು ತೊಲಗಿಸಲು ತಲೆ ಚಚ್ಚಿಕೊಂಡಿದ್ದರೋ ಅವನ್ನೆಲ್ಲ ಹೆಕ್ಕಿ ಹೆಕ್ಕಿ ತಂದು ಸುರಿದರು. ಗಡ್ಡದವನು ಕಣ್ಣು ಮುಚ್ಚಿ, “ಈಗ ವಯಸ್ಸಾಯ್ತು ನೋಡು ಇದಕ್ಕೆ” ಎಂದ. ಕಿವಿಯಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆಗತಾನೆ ಒರೆಸಿಟ್ಟ ಮೇಜಿನ ಮೇಲೆ ಯಾರೋ ಕೆಸರುಗಾಲಿನಲ್ಲಿ ಕುಣಿದ ಹಾಗಿತ್ತು. ತನ್ನ ಫೈಲನ್ನು ಅವಳು ಬೇರೆ ಕಡೆ ಉಳಿಸಿಟ್ಟಿದ್ದಳು, ಅದೊಂದು ಸಮಾಧಾನ. ಗಂಡ ಟ್ಯೂನನ್ನು ತನ್ನ ಹೆಸರು ಬರೆದು ಕಳಿಸಿದ.

ಮರುದಿನ ಸರಕಾರಿ ರಜೆ. ಬೆಳಗ್ಗೆ ಹನ್ನೊಂದಕ್ಕೆ ಮೇಡಂ ಫೋನು ಮಾಡಿದರು. ಗಂಡ ಸ್ಪೀಕರಿಗೆ ಹಾಕಿದ, ಹೊಗಳಿಕೆ ಎಲ್ಲರಿಗೂ ಕೇಳಲಿ ಎಂದು.

“ಟ್ಯೂನೇ ಇಲ್ವಲ್ಲ ಇದರಲ್ಲಿ” ಎಂದರು ಮೇಡಂ. “ಬರೀ ಗೊರಗೊರ ಅಂತಿದೆ, ಮಧ್ಯೆ ತಾಳ. ಬೇರೆ ಫೈಲ್ ಕಳಿಸಿದ್ರಾ?”

“ಇಲ್ಲ ಮೇಡಂ, ನೀವು ಯಾವುದರಲ್ಲಿ ಕೇಳ್ತಿದೀರಿ? ಒಳ್ಳೇ ಹೆಡ್‌ಫೋನಲ್ಲಿ ಕೇಳಿ.”

“ಫೋನಲ್ಲಿ ಕೇಳ್ತಿದೀನಿ. ನಮ್ಮವರು ಕೇಳೋದು ಫೋನಲ್ಲೇ ಅಂದಿದ್ನಲ್ಲ. ಸಂಜೆ ಐದರೊಳಗೆ ಸರಿಯಾದದ್ದು ಬರ್ಲಿಲ್ಲ ಅಂದ್ರೆ ರೆಡಿಮೇಡ್ ಟ್ಯೂನ್ ಹಾಕ್ಬಿಡ್ತೀನಿ. ತಪ್ಪು ತಿಳ್ಕೋಬೇಡಿ.”

ಗಂಡ ತನ್ನ ಹೆಡ್‌ಫೋನಿನಲ್ಲಿ ಕೇಳಿದ. ಟ್ಯೂನ್ ಇತ್ತು. ಗಡ್ಡದವನನ್ನು ಕರೆಸಿದ, ಅವನು ತನ್ನ ಮನೆಯಿಂದ ಇನ್ನೂ ದೊಡ್ಡ ಸ್ಪೀಕರ್ ಜೋಡಿ ಹೊತ್ತು ತಂದ. ಅದರಲ್ಲೂ ಟ್ಯೂನ್ ಇತ್ತು, ಇನ್ನೂ ಭವ್ಯವಾಗಿತ್ತು. “ಆಯಮ್ಮನ ಕಿವಿ ಸರಿಯಿಲ್ಲ” ಎಂದು ಇಬ್ಬರೂ ತೀರ್ಪು ಕೊಟ್ಟರು. ಫೋನಿನಲ್ಲಿ ಕೇಳಿಸದ್ದನ್ನು ಫೋನಿನಲ್ಲಿ ಕೇಳಿ ನೋಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಹೊಳೆದರೂ ಅದು ಅವರ ಮರ್ಯಾದೆಗೆ ಕಡಿಮೆ.

ಅಡುಗೆಮನೆಯಲ್ಲಿ ಅತ್ತೆ ತರಕಾರಿ ಹೆಚ್ಚುತ್ತಿದ್ದರು. ಅವರದೊಂದು ಸಣ್ಣ ಫೋನು, ಬುಡದಲ್ಲಿ ಒಂದೇ ಸ್ಪೀಕರು. ಅದನ್ನು ಡಬ್ಬಕ್ಕೆ ಒರಗಿಸಿಟ್ಟುಕೊಂಡು ದಿನವೆಲ್ಲ ಧಾರಾವಾಹಿ ಕೇಳುವವರು. ಕಿವಿಯಕ್ಕ ಗಂಡ ಕಳಿಸಿದ ಟ್ಯೂನನ್ನು ಅದರಲ್ಲಿ ಹಾಕಿದಳು.

“ಎಣ್ಣೆ ಕಾದ ಹಾಗೆ ಚಟಪಟ ಅಂತಿದೆ” ಎಂದರು ಅತ್ತೆ. “ಹಾಡೆಲ್ಲೇ?”

ಹಾಡು ಎಲ್ಲಿ ಹೋಯಿತೆಂದು ಕಿವಿಯಕ್ಕನಿಗೆ ಎರಡನೆಯ ಸಲ ಕೇಳುವಷ್ಟರಲ್ಲಿ ತಿಳಿಯಿತು. ಎಡಬಲಕ್ಕೆ ಹರಡುವ ಆ ಎಫೆಕ್ಟು ಒಂದು ಪಾಲನ್ನು ತಲೆಕೆಳಗು ಮಾಡಿ ಇನ್ನೊಂದರ ಎದುರಿಗೆ ನಿಲ್ಲಿಸುತ್ತದೆ. ಎರಡು ಕಿವಿಗೆ ಎರಡು ಪಾಲು ಬೇರೆ ಬೇರೆಯಾಗಿ ಬಿದ್ದರೆ ವಿಶಾಲವಾಗಿ ಕೇಳುತ್ತದೆ. ಒಂದೇ ಸ್ಪೀಕರಿನಲ್ಲಿ ಎರಡೂ ಕೂಡಿದರೆ, ಇದು ತಳ್ಳಿದ್ದನ್ನು ಅದು ಎಳೆದು, ಉಳಿಯುವುದು ಸೊನ್ನೆ. ನಾಲ್ಕು ಸದ್ದಿನ ತಾಳವನ್ನೂ ಚಟಪಟವನ್ನೂ ಅವರು ಹರಡಿರಲಿಲ್ಲ, ಅವು ಉಳಿದವು. ಅವಳ ಟ್ಯೂನು ಮಾತ್ರ ಅಳಿಸಿಹೋಗಿತ್ತು. ಇದನ್ನು ಕೇಳಬೇಕಾದ ಹೆಂಗಸರಿಗೆಲ್ಲ ಎಣ್ಣೆ ಕಾದ ಸದ್ದು. ಅದನ್ನು ಅವರು ಈಗಾಗಲೇ ಸಾಕಷ್ಟು ಕೇಳಿರುತ್ತಾರೆ.

ಅವಳು ಸ್ಟುಡಿಯೋಕ್ಕೆ ಹೋಗಿ ಹೇಳಿದಳು. ಗಂಡ ಮೊದಲು ನಂಬಲಿಲ್ಲ. ಅತ್ತೆಯ ಫೋನನ್ನು ಅವನ ಕಿವಿಗೇ ಹಿಡಿದಳು. ಅವನ ಮುಖ ಹುಳ್ಳಗಾಯಿತು. ಗಡ್ಡದವನಿಗೆ ಆಗಲೇ ಮನೆಯಲ್ಲಿ ಏನೋ ಕೆಲಸ ನೆನಪಾಗಿ, ಸ್ಪೀಕರುಗಳನ್ನು ಅಲ್ಲೇ ಬಿಟ್ಟು ಹೋದ.

“ಸರಿ, ನೀನೇ ಅದನ್ನ ಕ್ಲೀನ್ ಮಾಡ್ಬಿಡು” ಎಂದ ಗಂಡ. “ನಿಂಗೆ ಗೊತ್ತಲ್ಲ ಎಲ್ಲೇನು ತೆಗೀಬೇಕು ಅಂತ. ಐದಕ್ಕೆ ಕಳಿಸ್ತೀನಿ.”

“ತೆಗೆಯೋದು ನಾನು. ಹೆಸರು?”

“ಗಂಡ ಹೆಂಡ್ತಿ ಮಧ್ಯೆ ನಂದು ನಿಂದು ಅಂತೆಲ್ಲ ಏನೇ?”

“ಹಾಗಾದ್ರೆ ಈ ಲೋಟಗಳು ಯಾರವು?”

ಅವನು ಕಿಟಕಿಯ ಕಟ್ಟೆಯ ಮೇಲಿನ ಲೋಟಗಳನ್ನು ನೋಡಿದ. ಆಮೇಲೆ ದೊಡ್ಡ ಮನಸ್ಸು ಮಾಡಿ, “ಆಯ್ತು, ಇಬ್ಬರ ಹೆಸರೂ ಹಾಕೋಣ” ಎಂದ.

“ನೀನೇನು ಮಾಡಿದೆ ಇದರಲ್ಲಿ?”

“ಎಫೆಕ್ಟ್ಸ್ ಎಲ್ಲ ನಂದೇ ಅಲ್ವಾ.”

“ಅದನ್ನೇ ತಾನೆ ಈಗ ತೆಗೀಬೇಕಾಗಿರೋದು?”

ಅವಳು ಅಡುಗೆಮನೆಗೆ ಬಂದು ಬೇರೆ ಕಡೆ ಉಳಿಸಿಟ್ಟಿದ್ದ ಫೈಲನ್ನು ತನ್ನ ಫೋನಿನಿಂದಲೇ ಮೇಡಂಗೆ ಕಳಿಸಿ, ಕರೆ ಮಾಡಿದಳು. ತಾನು ಯಾರೆಂದು ಹೇಳಿ, ಒಂದು ಫೈಲ್ ಕಳಿಸಿದ್ದೇನೆ, ಫೋನಿನಲ್ಲೇ ಕೇಳಿ ಎಂದಳು. ಆ ಕಡೆ ನಲವತ್ತು ಸೆಕೆಂಡು ಮಾತಿಲ್ಲ. ಆಮೇಲೆ ಮತ್ತೆ ನಲವತ್ತು ಸೆಕೆಂಡು. ಅಷ್ಟರಲ್ಲಿ ಗಂಡ ಬಂದು ಬಾಗಿಲಿಗೆ ಒರಗಿ ನಿಂತಿದ್ದ.

“ಇದು ಸರಿಯಾಗಿದೆ” ಎಂದರು ಮೇಡಂ. “ಕೊನೇಲಿ ಒಂದು ದನಿ ಕಟ್ ಆಗುತ್ತಲ್ಲ, ಅದು ಬೇಕು ಅಂತ್ಲೇ ಮಾಡಿದ್ದಾ?”

“ಹೌದು. ಹಳೇ ಯಂತ್ರಕ್ಕೆ ಆರೇ ಸ್ವರ ಹಿಡಿಯೋಕ್ಕಾಗ್ತಿದ್ದಿದ್ದು. ಏಳನೇದು ಬಂದ್ರೆ ಮೊದಲನೇದು ಬಿಟ್ಟುಹೋಗುತ್ತೆ.”

“ಯಾರು ಮಾಡಿದ್ದು ಇದನ್ನ?”

“ನಾನು.”

“ಕಂತಿನ ಕೊನೇಲಿ ಓದ್ತೀವಿ. ಪೂರ್ತಿ ಹೆಸರು ಹೇಳಿ.”

ಬಾಗಿಲಲ್ಲಿದ್ದ ಗಂಡ ತನ್ನ ಎದೆ ಮುಟ್ಟಿಕೊಂಡು, ಎರಡು ಬೆರಳೆತ್ತಿ, ಇಬ್ಬರದು ಎಂದು ಸನ್ನೆ ಮಾಡಿದ. ಬೆರಳ ತುದಿಯಲ್ಲಿ ಚಿಪ್ಸಿನ ಮಸಾಲೆ ಕೆಂಪಗೆ ಅಂಟಿತ್ತು. ಅಂಗಡಿಯಲ್ಲಿ ಮೊದಲ ತಿಂಗಳು ಮುಚ್ಚಳ ಎತ್ತಿದಾಗ ಬರುತ್ತಿದ್ದ ಹುಳಿ ವಾಸನೆ ನೆನಪಾಯಿತು. ಅವಳು ಗೋಡೆಯ ಕಡೆ ತಿರುಗಿ ತನ್ನ ಹೆಸರು ಹೇಳಿದಳು. ಅಪ್ಪ ಅಮ್ಮ ಇಟ್ಟ ಹೆಸರು, ಈ ಮನೆಯಲ್ಲಿ ಯಾರೂ ಕರೆಯದೆ ಇದ್ದದ್ದು. ಅದೊಂದನ್ನೇ ಹೇಳಿದಳು.

ಅತ್ತೆ ಚಾಕು ನಿಲ್ಲಿಸಿ ಕೇಳಿಸಿಕೊಂಡರು. ಮಗನ ಮುಖ ನೋಡಿದರು, ಸೊಸೆಯ ಬೆನ್ನು ನೋಡಿದರು, ಮತ್ತೆ ಹೆಚ್ಚತೊಡಗಿದರು.

“ಎಕ್ಸ್‌ಚೇಂಜಿನ ಗಂಟೆ, ಬಝರ್, ಅವೆಲ್ಲ ದನಿಗಳೂ ಬೇಕು” ಎನ್ನುತ್ತಿದ್ದರು ಮೇಡಂ. “ನಾಳೆಯಿಂದ ಶುರು ಮಾಡೋಣ್ವಾ? ನನಗೆ ಬೆಳಗ್ಗೆ ಎಂಟಕ್ಕೇ ಅನುಕೂಲ.”

ಬೆಳಗ್ಗೆ ಎಂಟು ಎಂದರೆ ಒಲೆಯ ಎರಡೂ ಉರಿಗಳು ಹೊತ್ತಿರುವ ಸಮಯ.

“ಆಗುತ್ತೆ” ಎಂದು ಹೇಳಿ ಅವಳು ಫೋನಿಟ್ಟಳು.

“ಎಂಟಕ್ಕಾ?” ಎಂದ ಗಂಡ. “ನನ್ನ ಊಟದ ಡಬ್ಬಿ?”

“ತುಂಬ್ಕೊಂಡು ಮುಚ್ಚಳ ಗಟ್ಟಿಯಾಗಿ ಹಾಕ್ಕೋ” ಎಂದಳು ಅವಳು. “ಸಡಿಲ ಬಿಟ್ರೆ ಬ್ಯಾಗೊಳಗೆ ಸೋರುತ್ತೆ.”